ತಿಪ್ಪೇಶಿ ಗಾಡೀಲಿ ಆರದ ಹಳದಿ ದೀಪ

ಕತೆ ಹೇಳ್ತೀನಿ, ನಡುವೆ ಬಾಯಿ ಹಾಕಬೇಡಿ. ನೀವು ಬಾಯಿ ಹಾಕೋ ಪೈಕಿ ಅಂತ ನನಗೆ ಮೊದಲೇ ಅನುಮಾನ. ತಿಪ್ಪೇಶಿ ಅಂತ ಒಬ್ಬ ಪೆದ್ದ ಇದ್ದ. ಅವನ ಅವ್ವ ಪಾಲಮ್ಮ. ಮಗ ಎಷ್ಟು ಪೆದ್ದನೋ ಅವ್ವ ಅಷ್ಟು ಅನುಮಾನದೋಳು. ಮಗ ಯಾರು ಏನು ಹೇಳಿದ್ರೂ ನಂಬೋನು. ಅವ್ವ ತನ್ನ ನೆರಳು ಹಿಂದೆ ಬಂದ್ರೂ "ಯಾಕೆ ಬಂದೆ?" ಅನ್ನೋಳು. ಮಜ್ಜಿಗೆ ಕೊಟ್ಟರೂ ಊದಿ ಕುಡಿಯೋಳು.

ತಿಪ್ಪೇಶಿಗೆ ಬರ್ತಿದ್ದ ವಿದ್ಯೆ ಒಂದೇ, ಗಾಡಿ ಓಡಿಸೋದು. ಅದರಲ್ಲಿ ಮಾತ್ರ ಎತ್ತಿದ ಕೈ. ಪಾಲಮ್ಮ ಇದ್ದ ಕುರಿಹಿಂಡು ಮಾರಿ ಏಳು ಜನ ಕೂರೋ ಹಳೇ ಎಸ್‌ಯುವಿ ತಂದಳು. "ನಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನಿಗೆ ಅನ್ನ ಹಾಕೋರು ಯಾರು? ಈ ಗಾಡಿನೇ ಹಾಕಬೇಕು" ಅಂತ ಅದರ ಬಾಗಿಲು ಹಿಡ್ಕೊಂಡು ಅತ್ತಳು.

ದೇವರು ಕಣ್ಣು ಬಿಟ್ಟ. ಪೇಟೆ ಕಣ್ಣಾಸ್ಪತ್ರೆಯ ಡಾಕ್ಟ್ರಮ್ಮನಿಗೆ, ಹಳ್ಳಿ ಮುದುಕರನ್ನ ಪೊರೆ ತೆಗೆಸೋಕೆ ಕರ್ಕೊಂಡು ಹೋಗೋ ಗಾಡಿ ಬೇಕಾಗಿತ್ತು. "ಶುಕ್ರವಾರ ಬಂದು ನೋಡ್ತೀನಿ. ಗಾಡಿ ಸರಿಯಾಗಿದ್ರೆ ವರ್ಷಪೂರ್ತಿ ಕೆಲಸ ನಿಮ್ಮದೇ" ಅಂತ ಹೇಳಿ ಕಳಿಸಿದ್ರು.

ಅಷ್ಟು ಕೇಳಿದ್ದೇ ಪಾಲಮ್ಮನಿಗೆ ಹೊಸ ಅನುಮಾನ. ಊರೆಲ್ಲ ಕಣ್ಣು ಹಾಕ್ತಾರಲ್ಲ! ಕೆಂಪು ಬಟ್ಟೇಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ ಕಟ್ಟಿ ದೃಷ್ಟಿಗಂಟು ಮಾಡಿದಳು.

"ಲೋ ತಿಪ್ಪೇಶಿ! ಇದನ್ನ ಗಾಡೀಲಿ ಯಾರ ಕಣ್ಣಿಗೂ ಬೀಳದ ಕಡೆ ಇಡು."

"ಹೂನವ್ವಾ!"

"ಎಲ್ಲಿಟ್ಟೆ ಅಂತ ಯಾರಿಗೂ ಹೇಳಬೇಡ. ಹೇಳಿದ್ರೆ ಫಲ ಹೋಗುತ್ತೆ. ನಾನು ಕೇಳಿದ್ರೂ ಹೇಳಬೇಡ!"

"ಹೂನವ್ವಾ!"

ಇಟ್ಟ. ಇಟ್ಟ ಮಾರನೇ ದಿನ ಸ್ಟೀರಿಂಗ್ ಹಿಂದೆ ಇಂಜಿನ್ ಗುರುತಿನ ಹಳದಿ ದೀಪ ಹತ್ತಿಕೊಳ್ತು. ಕೆರೆ ಏರಿ ಹತ್ತುವಾಗ ಗಾಡಿ ಉಬ್ಬಸದ ಮುದುಕನ ಹಾಗೆ ಏದುಸಿರು ಬಿಡ್ತು, ಕಪ್ಪು ಹೊಗೆ ಕಕ್ಕಿತು. ಪಾಲಮ್ಮ ಎದೆ ಬಡ್ಕೊಂಡಳು.

"ಅಯ್ಯೋ, ಯಾರೋ ಕಣ್ಣು ಹಾಕಿದ್ರು! ಗಂಟು ಇದೆ ತಾನೇ?"

"ಇದೆಯವ್ವಾ, ಗಟ್ಟಿಯಾಗಿ ತುರುಕಿದ್ದೀನಿ."

"ಎಲ್ಲಿ?"

"ನೀನು ಕೇಳಿದ್ರೂ ಹೇಳಲ್ಲ!"

"ಭೇಷ್, ಹಂಗೇ ಇರು" ಅಂದಳು. ನೋಡಿದ್ರಾ? ನಗಬೇಡಿ, ಇನ್ನೂ ಇದೆ.

ಪಾಲಮ್ಮನ ತಮ್ಮ ಕಾಟಯ್ಯ ಸುದ್ದಿ ಕೇಳಿ ಓಡಿಬಂದ. ಕೈಲಿ ಬೆಂಕಿಪೊಟ್ಟಣದಷ್ಟು ಒಂದು ಕರೀ ಡಬ್ಬಿ. "ಇದನ್ನ ಸ್ಟೀರಿಂಗ್ ಕೆಳಗೆ ಚುಚ್ಚಿದ್ರೆ ಗಾಡಿ ತನ್ನ ಕಾಯಿಲೆ ತಾನೇ ಹೇಳುತ್ತೆ ಅಕ್ಕ, ಫೋನಲ್ಲೇ ಬರುತ್ತೆ" ಅಂದ. ಚುಚ್ಚಿದ. ಫೋನಲ್ಲಿ ಬಂತು: ಪಿ ಸೊನ್ನೆ ಒಂದು ಸೊನ್ನೆ ಒಂದು.

"ಅದ್ಯಾರ ನಂಬರು? ನನ್ನ ಗಾಡಿ ಯಾರಿಗೆ ಫೋನ್ ಮಾಡ್ತಿದೆ?" ಅಂತ ಪಾಲಮ್ಮ ಕಣ್ಣು ಕಿರಿದು ಮಾಡಿದಳು.

"ನಂಬರಲ್ಲಕ್ಕ, ಕೋಡು. ಇಂಜಿನ್‌ಗೆ ಹೋಗೋ ಗಾಳಿ ಲೆಕ್ಕಕ್ಕೆ ಬರ್ತಿಲ್ಲ ಅಂತ."

ಫೋನಲ್ಲಿ ಒತ್ತಿ ಅಳಿಸಿದ, ದೀಪ ಆರಿತು. ಏರಿ ಹತ್ತಿಸಿದ, ದೀಪ ಹತ್ತಿತು. ಮತ್ತೆ ಅಳಿಸಿದ, ಮತ್ತೆ ಹತ್ತಿತು. ಸಾಕಾಗಿ ಕಾಟಯ್ಯ, "ತಿಪ್ಪೇಶಿ, ಇಂಜಿನ್‌ಗೆ ಚೆನ್ನಾಗಿ ಗಾಳಿ ಸಿಗೋ ಹಂಗೆ ನೋಡ್ಕೋ" ಅಂತ ಹೇಳಿ, ಡಬ್ಬಿ ಗಾಡೀಲೇ ಬಿಟ್ಟು ಹೋದ.

ಮಾರನೇ ದಿನ ಪಾಲಮ್ಮ ಹೊಲದಿಂದ ಬಂದು ನೋಡ್ತಾಳೆ, ಮಗ ಬಾನೆಟ್ ಎತ್ತಿ ಮೊರದಲ್ಲಿ ಇಂಜಿನ್‌ಗೆ ಗಾಳಿ ಬೀಸ್ತಿದ್ದಾನೆ. ಬೆವರು ಧಾರಾಕಾರ.

"ಏನೋ ಇದು?"

"ಮಾವ ಹೇಳಿದ್ದು! ಬೆಳಗಿಂದ ಬೀಸ್ತಿದ್ದೀನಿ, ಇನ್ನೂ ಸಾಕು ಅಂದಿಲ್ಲ ಅವ್ವಾ!"

"ಪೆದ್ ನನ್ಮಗನೇ!" ಅಂದಳು. ಬೈಗುಳ ಏನಿಲ್ಲ, ಅವಳ ಮಗನೇ ತಾನೇ. "ನಿಮ್ಮ ಮಾವನಿಗೆ ಈ ಗಾಡಿ ಮೇಲೆ ಆಸೆ, ಅದಕ್ಕೇ ಆ ಸುಳ್ಳು ಡಬ್ಬಿ ತಂದ. ಪೇಟೆ ಮೆಕ್ಯಾನಿಕ್ ಹತ್ರ ಹೋಗು. ಆದ್ರೆ ಹುಷಾರು! ಹಳೇ ಸಾಮಾನು ಇಟ್ಕೊಂಡು ಮಾರ್ಕೋತಾರೆ. ಅವನು ಬಿಚ್ಚಿದ್ದೆಲ್ಲ ಮನೆಗೆ ತಾ, ಒಂದೂ ಬಿಡಬೇಡ!"

"ಹೂನವ್ವಾ!"

ಮೆಕ್ಯಾನಿಕ್ ದಾದಾಪೀರ್ ಒಳ್ಳೆ ಮನುಷ್ಯ. ಬಿಸಿಲು ಅಂತ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಗ್ರೀಸ್ ಆಗುತ್ತೆ ಅಂತ ವಾಚು ಬಿಚ್ಚಿದ. ಗಾಡಿ ಕೆಳಗೆ ನುಗ್ಗೋಕೆ ಚಪ್ಪಲಿ ಬಿಚ್ಚಿದ. ಗಾಳಿ ಅಳೆಯೋ ಸೆನ್ಸರ್ ಬಿಚ್ಚಿ ಹೊಸದು ಹಾಕಿದ. ಕೈ ತೊಳೆದು ಬರೋಷ್ಟರಲ್ಲಿ ತಿಪ್ಪೇಶಿ ಎಲ್ಲ ಗಂಟು ಕಟ್ಕೊಂಡು ಹೊರಟೇಹೋದ.

ಮನೇಲಿ ಸುರಿದ. ಸೆನ್ಸರು, ಅಂಗಿ, ವಾಚು, ಜೊತೆ ಚಪ್ಪಲಿ.

"ಅಯ್ಯೋ! ಅವನ ಅಂಗಿ ಯಾಕೋ ತಂದೆ?"

"ಬಿಚ್ಚಿದ್ದ! ಪ್ಯಾಂಟು ಮಾತ್ರ ಬಿಚ್ಚಲಿಲ್ಲ ಅವ್ವಾ, ಸುಮಾರು ಹೊತ್ತು ಕಾದೆ."

"ಪೆದ್ ನನ್ಮಗನೇ! ದೀಪ?"

"ಏರಿ ಮೇಲೆ ಹತ್ಕೊಳ್ತು."

"ನೋಡಿದ್ಯಾ! ಹೊಸದು ಅಂತ ಹಳೇದೇ ಹಾಕಿದ್ದಾನೆ! ಅವನು ಅಂಗಿಗೆ ಬಂದೇ ಬರ್ತಾನೆ. ಬಂದಾಗ ಅವನ ಬಾಯಿ ನಂಬಬೇಡ, ಕೈ ನೋಡು. ಕೈ ಮೇಲಿಂದ ಕಣ್ಣು ಕೀಳಬೇಡ!"

"ಹೂನವ್ವಾ!"

ಗುರುವಾರ ಬೆಳಿಗ್ಗೆ ಬನಿಯನ್ನಲ್ಲಿ, ಬರಿಗಾಲಲ್ಲಿ, ಯಾರದೋ ಸೈಕಲ್ ಮೇಲೆ ದಾದಾಪೀರ್ ಬಂದ. ಪಾಪ, ಬಂದೋನು ಜಗಳ ಆಡಲಿಲ್ಲ, ಗಾಡಿ ಚಾಲೂ ಮಾಡಿಸಿ ದೀಪ ನೋಡಿದ. "ದೀಪ ಆರಲಿಲ್ವಾ? ನನ್ನ ಮರ್ಯಾದೆ ಪ್ರಶ್ನೆ. ಗಾಡಿ ಸ್ವಲ್ಪ ಮುಂದೆ ತಗೋ, ಸದ್ದು ಕೇಳ್ತೀನಿ" ಅಂದ. ತಾನು ಮುಂದೆ ನಿಂತು ಕೈಯಲ್ಲಿ "ಬಾ, ಬಾ" ಅಂದ. ತಿಪ್ಪೇಶಿ ಕೈ ನೋಡ್ಕೊಂಡು ಬಂದ.

"ಸಾಕು ನಿಲ್ಸು!" ಅಂತು ಬಾಯಿ. ಬಾಯಿ ಯಾರು ನಂಬ್ತಾರೆ? ಅಷ್ಟರಲ್ಲಿ ಒಂದು ಕಣಜ ಬಂದು ದಾದಾಪೀರನ ಮೂಗಿನ ಮುಂದೆ ಗುಂಯ್ ಅಂತು. ಅವನು ಕೈ ಬೀಸಿದ. ಬೀಸಿದ್ದು ನೋಡಿ ತಿಪ್ಪೇಶಿ ಮುಂದೆ ಬಂದ. "ನಿಲ್ಸೋ ಪುಣ್ಯಾತ್ಮ!" ಅಂತ ಎರಡೂ ಕೈ ಬೀಸಿಕೊಂಡು ಓಡಿದ. ತಿಪ್ಪೇಶಿ ಹಿಂದೇನೇ. ದಾದಾಪೀರ್ ಹೋಗಿ ತಿಪ್ಪೆಗುಂಡಿಗೆ ಬಿದ್ದ. ಗಾಡಿ ಗುಂಡಿ ಅಂಚಲ್ಲಿ ನಿಂತಿತು.

"ಕೈ ಕಾಣಲಿಲ್ಲ, ನಿಲ್ಲಿಸ್ದೆ" ಅಂದ ತಿಪ್ಪೇಶಿ.

ದಾದಾಪೀರ್ ಗುಂಡಿಯಿಂದ ತಲೆ ಎತ್ತಿದ. ಅಲ್ಲೂ ಅವನಿಗೆ ಇಂಜಿನ್ನಿನದೇ ಚಿಂತೆ. "ಲೋ, ಗಾಳಿ ಹೋಗೋ ದಾರೀಲಿ ಏನೋ ಅಡ್ಡ ಇದೆ ಅಂತ ನನಗೆ ಅನುಮಾನ. ಏನಾದ್ರೂ ತುರುಕಿದ್ಯಾ?"

"ಹೇಳಲ್ಲ!"

"ಯಾಕೋ?"

"ಯಾರಿಗೂ ಹೇಳಬಾರ್ದು!"

ಪಾಲಮ್ಮ ಕೇಳಿಸ್ಕೊಂಡಳು. "ಅಯ್ಯಯ್ಯೋ! ಯಾರೋ ನನ್ನ ಮಗನ ಬಾಯಿ ಕಟ್ಟಿದ್ದಾರೆ! ಯಾರೋ? ಕಾಟಯ್ಯನಾ? ಈ ದಾದಾಪೀರನಾ?"

"ನೀನು ಕೇಳಿದ್ರೂ ಹೇಳಲ್ಲ!"

ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರು ಅಂತಾರಲ್ಲ, ಇದೇ. ಬಾಯಿ ಕಟ್ಟಿದೋಳೇ ಊರನ್ನೆಲ್ಲ ಬೈದಳು. ತಮ್ಮನಿಗೆ ಫೋನ್ ಮಾಡಿ ಬೈದಳು. ದಾದಾಪೀರನಿಗೆ ಅಂಗಿ ಕೊಟ್ಟು, ಬಾನೆಟ್ ಮುಟ್ಟೋಕೂ ಬಿಡದೆ ಬೈದಳು. ಬೈದು ಬೈದು ಸುಸ್ತಾಗಿ ಮಗನ ಪಕ್ಕ ಕೂತು ತಲೆ ಸವರಿದಳು. "ನಾಳೆ ಈ ಕೆಲಸ ತಪ್ಪಿದ್ರೆ ನಿನ್ನ ಗತಿ ಏನೋ, ಮಗನೇ? ಡಾಕ್ಟ್ರಮ್ಮ ಕೇಳಿದ್ದಕ್ಕೆ ನಿಜ ಹೇಳು. ಒಂದೂ ಸುಳ್ಳು ಹೇಳಬೇಡ."

"ಹೂನವ್ವಾ!"

ಶುಕ್ರವಾರ ಡಾಕ್ಟ್ರಮ್ಮ ತಮ್ಮ ಕಾರಲ್ಲಿ ಬಂದ್ರು. ಗಾಡಿ ಹತ್ತಿ ಕೂತ್ರು. ಹಳದಿ ದೀಪ ಉರೀತಾ ಇತ್ತು.

"ಏನಪ್ಪ ತಿಪ್ಪೇಶಿ, ಗಾಡಿಗೆ ಏನಾಗಿದೆ?"

"ಗಾಳಿ ಹೋಗ್ತಿಲ್ಲ, ಅಮ್ಮಾರೇ."

"ಯಾಕೆ?"

"ಅಡ್ಡ ದೃಷ್ಟಿಗಂಟು ಇದೆ."

ಪಾಲಮ್ಮ ಹೌಹಾರಿದಳು. "ಎಲ್ಲೋ?!"

"ಅದು ಮಾತ್ರ ನೀನು ಕೇಳಿದ್ರೂ ಹೇಳಲ್ಲ! ನೀನೇ ಹೇಳಿದ್ದು!"

ಪಾಲಮ್ಮನಿಗೆ ಆಗ ಜ್ಞಾನೋದಯ. ಊರನ್ನೆಲ್ಲ ಅನುಮಾನಿಸಿದ್ಲು, ತನ್ನ ಗಂಟನ್ನ ಮಾತ್ರ ಅನುಮಾನಿಸಲಿಲ್ಲ. "ಹೇಳಬೇಡಪ್ಪ, ತೆಗೆದುಬಿಡು!" ಅಂತ ಕೈ ಮುಗಿದಳು.

"ಹಂಗಾದ್ರೆ ಎಲ್ಲರೂ ಕಣ್ಣು ಮುಚ್ಚಿ. ಯಾರ ಕಣ್ಣಿಗೂ ಬೀಳಬಾರ್ದು."

ಕಣ್ಣಿನ ಡಾಕ್ಟ್ರಮ್ಮನೂ ಕಣ್ಣು ಮುಚ್ಚಿದ್ರು! ಬಾನೆಟ್ ಎತ್ತಿದ ಸದ್ದು, ಏನೋ ಎಳೆದ ಸದ್ದು, ಒಂದು ದೊಡ್ಡ ಸೀನು. ಕಣ್ಣು ಬಿಟ್ಟಾಗ ತಿಪ್ಪೇಶಿ ಕೈಲಿ ಕರಿ ಹಿಡಿದ ಕೆಂಪು ಗಂಟು. ಕಾಟಯ್ಯನ ಡಬ್ಬಿ ಅಲ್ಲೇ ಇತ್ತು. ಅದನ್ನ ಚುಚ್ಚಿ ಕೋಡು ಅಳಿಸಿದ್ರು, ಏರಿ ಹತ್ತಿಸಿದ್ರು. ದೀಪ ಹತ್ತಲಿಲ್ಲ. ಗಾಡಿ ಗುಟುರು ಹಾಕಿ ಹತ್ತಿತು.

ಡಾಕ್ಟ್ರಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ್ರು. "ಪಾಲಮ್ಮ, ಪೊರೆ ತೆಗೆಸಿಕೊಂಡೋರಿಗೆ ಕಣ್ಣು ಮುಟ್ಟಬೇಡಿ ಅಂದ್ರೂ ದಾರೀಲಿ ಉಜ್ಜಿಕೊಳ್ತಾರೆ. ಅವರನ್ನ ಕಾಯೋಕೆ, ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು ಬೇಕಿತ್ತು. ಸೋಮವಾರದಿಂದ ಕಳಿಸಿ."

ಪಾಲಮ್ಮ ಸೆರಗಲ್ಲಿ ಮುಖ ಮುಚ್ಕೊಂಡು ಅತ್ತಳು. ಮಗನಿಗೆ ಅನ್ನದ ದಾರಿ ಆಯ್ತಲ್ಲ! ಕಾಫಿ ಕೊಡೋಕೆ ಡಾಕ್ಟ್ರಮ್ಮನನ್ನ ಒಳಗೆ ಕರ್ಕೊಂಡು ಹೋಗ್ತಾ ಮಗನ ಕಿವೀಲಿ ಪಿಸುಗುಟ್ಟಿದಳು. ಹುಟ್ಟುಗುಣ ಸುಟ್ಟರೂ ಹೋಗಲ್ಲ, ನೋಡಿ. "ಆ ಗಂಟು ಇನ್ನು ನಮ್ಮ ಗಾಡೀಲಿ ಬೇಡ. ಯಾರ ಕಣ್ಣಿಗೂ ಬೀಳದ ಕಡೆ ಹಾಕು. ಎಲ್ಲಿ ಹಾಕ್ದೆ ಅಂತ ಯಾರಿಗೂ ಹೇಳಬೇಡ!"

"ಹೂನವ್ವಾ!"

ಕಾಫಿ ಆಯ್ತು, ಕುಂಕುಮ ಆಯ್ತು. ಡಾಕ್ಟ್ರಮ್ಮನ ಕಾರು ಹೊರಟಿತು. ಏರಿ ಅರ್ಧ ಹತ್ತಿತೋ ಇಲ್ಲವೋ, ಕಾರು ಏದುಸಿರು ಬಿಡ್ತು, ಕಪ್ಪು ಹೊಗೆ ಕಕ್ಕಿತು, ನಿಂತಿತು. ಡಾಕ್ಟ್ರಮ್ಮ ಇಳಿದು ನಡ್ಕೊಂಡೇ ವಾಪಸ್ ಬಂದ್ರು.

"ಪಾಲಮ್ಮ, ಬರುವಾಗ ಚೆನ್ನಾಗೇ ಇತ್ತು. ಈಗ ನನ್ನ ಕಾರಲ್ಲೂ ಒಂದು ಹಳದಿ ದೀಪ..."

ಪಾಲಮ್ಮ ಮಗನ ಕಡೆ ತಿರುಗಿದಳು. "ಲೋ, ಗಂಟು ಎಲ್ಲಿ ಹಾಕ್ದೆ?"

"ನೀನು ಕೇಳಿದ್ರೂ ಹೇಳಲ್ಲವ್ವಾ!"

ಪಾಲಮ್ಮ ಈ ಸಲ ಊರನ್ನ ಬೈಯಲಿಲ್ಲ, ತಮ್ಮನನ್ನ ಬೈಯಲಿಲ್ಲ. ಡಾಕ್ಟ್ರಮ್ಮನ ಕಡೆ ತಿರುಗಿ ಮೆಲ್ಲಗೆ ಅಂದಳು: "ತಾಯಿ, ಇನ್ನೊಂದು ಸಲ ಕಣ್ಣು ಮುಚ್ಕೊಳ್ಳಿ."