ಪಿಳ್ಳಪ್ಪನ ಕಣ್ಣಿನ ಮದ್ದು

"ನಾಳೆ ಬೆಳಿಗ್ಗೆ ಪಿಳ್ಳಪ್ಪನ ಕಣ್ಣಿಗೆ ಹನಿ ಹಾಕು. ಅವನ ಕೈಗೆ ಮಾತ್ರ ಶೀಶೆ ಕೊಡಬ್ಯಾಡ."

ನನ್ನ ಹೆಂಡತಿ ಮುನಿಲಕ್ಷ್ಮಿ ಇಷ್ಟು ಹೇಳಿದಳು. ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದವಳು ಸೊಪ್ಪಿನ ಮೇಲೇ ಒರಗಿದಳು. ಮತ್ತೆ ಏಳಲಿಲ್ಲ.

ಪಿಳ್ಳಪ್ಪ ನಮ್ಮ ಮಗ. ಇಪ್ಪತ್ತೆಂಟು ವರ್ಷ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಅದೇ ಕಷ್ಟ.

ಹೋದ ತಿಂಗಳು ಹುಳದ ಮನೆಗೆ ಹೋದಾಗೆಲ್ಲ ಅವನ ಎರಡು ಕಣ್ಣೂ ಕೆಂಪಾಗೋವು. ಕೆರೆಯೋವು. ನೀರು ಸುರಿಯೋದು.

"ಕಣ್ಣು ಮುಟ್ಟಬ್ಯಾಡ ಕಣೋ, ಉಜ್ಜಿದರೆ ಹೆಚ್ಚಾಗ್ತದೆ" ಅಂದಳು ಮುನಿಲಕ್ಷ್ಮಿ.

ಮಾರನೇ ದಿನ ಮುಖಕ್ಕೆ ಸೋಪು ಹಚ್ಚಿಕೊಂಡವನು ಹಾಗೇ ನಿಂತಿದ್ದ. ನೊರೆ ಒಣಗಿತ್ತು.

"ಯಾಕೋ?"

"ಮುಟ್ಟಬ್ಯಾಡ ಅಂದೆಯಲ್ಲಮ್ಮ."

"ಅಯ್ಯೋ ಮಂಕೇ, ಕಣ್ಣಿಗೆ ಏನು ಬಿದ್ದರೂ ತಣ್ಣೀರಲ್ಲಿ ತೊಳಕೋಬೇಕು."

ಆಸ್ಪತ್ರೆಗೆ ಕರಕೊಂಡು ಹೋದೆವು. ಡಾಕ್ಟರಮ್ಮ ಕೇಳಿದ್ದು ಒಂದೇ. "ಕೆರೆತ ಇದೆಯಾ?" ಇದೆ ಅಂದ.

"ಎರಡೂ ಕಣ್ಣು ಕೆರೆದರೆ ಹೆಚ್ಚಾಗಿ ಅಲರ್ಜಿನೇ. ಹುಳದ ಮನೆ ಧೂಳು ಆಗಿಬರಲ್ಲ" ಅಂತ ಹನಿ ಹಾಕಿ ಶೀಶೆ ಕೊಟ್ಟರು. ಪಿಳ್ಳಪ್ಪ ಎದ್ದು ನಲ್ಲಿಗೆ ಹೋಗಿ ತೊಳಕೊಂಡು ಬಂದ.

ಮುನಿಲಕ್ಷ್ಮಿ ಹಣೆ ಚಚ್ಚಿಕೊಂಡಳು. "ಮದ್ದು ಹಾಕಿದರೆ ಕಣ್ಣು ಮುಚ್ಚಿಕೊಂಡಿರಬೇಕು ಕಣೋ."

ಮಾರನೇ ದಿನ ತಾನೇ ಹನಿ ಹಾಕಿಕೊಂಡ. ಕಣ್ಣು ಮುಚ್ಚಿಕೊಂಡ. ಮುಚ್ಚಿಕೊಂಡೇ ಸೊಪ್ಪಿನ ಪುಟ್ಟಿ ಹೊತ್ತು ಹುಳದ ಮನೆಗೆ ಹೋದ. ನೆಲಕ್ಕಿಳಿಸಿದ್ದ ಮೂರು ತಟ್ಟೆ ಹುಳ ತುಳಿದ.

ಅವಳು ಬೈಯಲಿಲ್ಲ. ಅಲ್ಲೇ ಕುಸಿದು ಕೂತಳು. "ಇನ್ನು ಇಲ್ಲಿಗೆ ಬರಬ್ಯಾಡ. ಯಾವುದರ ಹತ್ತಿರ ಹೋದರೆ ಕಣ್ಣಲ್ಲಿ ನೀರು ಬರ್ತದೋ ಅದರಿಂದ ದೂರ ಇರು."

ಅದಾಗಿ ನಾಲ್ಕನೇ ದಿನ ಅವಳನ್ನು ಜಗುಲಿಯಲ್ಲಿ ಮಲಗಿಸಿದೆವು. ಪಿಳ್ಳಪ್ಪ ಬಂದ, ನೋಡಿದ, ತಿರುಗಿ ಓಡಿದ. ಮಣ್ಣು ಮಾಡುವಾಗ ಗುಂಡಿಯ ಹತ್ತಿರಕ್ಕೂ ಬರಲಿಲ್ಲ. ದೂರದ ಹುಣಸೆಮರದ ಹಿಂದೆ ನಿಂತ.

"ಹೆತ್ತವಳಿಗೆ ಮೂರು ಹಿಡಿ ಮಣ್ಣು ಹಾಕದವನೂ ಮಗನಾ?" ಅಂದರು ಊರವರು.

ನಾನು ಹೋದೆ. "ಬಾರೋ."

"ಬರಲ್ಲಪ್ಪ. ಅಮ್ಮನ ಹತ್ತಿರ ಹೋದರೆ ನೀರು ಬರ್ತದೆ. ದೂರ ಇರು ಅಂದವಳೂ ಅಮ್ಮನೇ."

ಅವನ ಕಣ್ಣು ನೋಡಿದೆ. ಡಾಕ್ಟರಮ್ಮ ಕೇಳಿದ್ದನ್ನೇ ಕೇಳಿದೆ.

"ಕೆರೆತ ಇದೆಯೇನೋ?"

ಯೋಚನೆ ಮಾಡಿದ. "ಇಲ್ಲ."

"ಹಂಗಾದರೆ ಅಲರ್ಜಿ ಅಲ್ಲ. ಬಾ."

ಬಂದ. ಮೂರು ಹಿಡಿ ಹಾಕಿದ.

ಮಾರನೇ ಬೆಳಿಗ್ಗೆ ಅವನಿಗೆ ಹನಿ ಹಾಕೋಣ ಅಂತ ಶೀಶೆ ತೆಗೆದೆ. ಕಣ್ಣಲ್ಲಿ ನೀರು ತುಂಬಿತು. ಎದುರಿಗಿರುವುದು ಕಾಣಲಿಲ್ಲ. ಪಿಳ್ಳಪ್ಪ ನನ್ನ ಮುಖಾನೇ ನೋಡಿದ.

"ಅಪ್ಪ, ನಿನಗೆ ಎರಡೂ ಕಣ್ಣು ಕೆಂಪಗಾಗ್ಯಾವೆ. ಮಲಕ್ಕೋ."

ಶೀಶೆ ಅವನ ಕೈಗೇ ಕೊಟ್ಟೆ. ಚಾಪೆ ಮೇಲೆ ಮಲಗಿ ಕಣ್ಣು ಬಿಟ್ಟೆ.