ಗೇಣುದ್ದದ ಕಡಿವಾಣ

ಹಗರಿ ಹೊಳೆಯ ದಡದಲ್ಲಿ ಓಬಳಯ್ಯನವರ ಆಶ್ರಮ. ಕುದುರೆ ಪಳಗಿಸುವುದೇ ಅಲ್ಲಿನ ಪಾಠ.

ಶಿಷ್ಯ ಮುದ್ದಯ್ಯನಿಗೆ ಗುರುಗಳ ಮೇಲೆ ಅನುಮಾನ.

ಅವನ ಹೆಣ್ಣುಕುದುರೆ ಹವಳ ತಲೆಯನ್ನು ಮುಗಿಲಿಗೆತ್ತಿಕೊಂಡೇ ಓಡುತ್ತಿದ್ದಳು. "ಹುಣ್ಣಿಮೆಯೊಳಗೆ ತಲೆ ಇಳಿಸದಿದ್ದರೆ ಇವಳು ಗಾಡಿಗೆ," ಅಂದಿದ್ದರು ಗುರುಗಳು. ಮುದ್ದಯ್ಯ ಮರಿಯಿಂದ ಸಾಕಿದ ಕುದುರೆ. ಇವತ್ತೇ ಹುಣ್ಣಿಮೆ.

ಕಡಿವಾಣದ ಎರಡೂ ಪಕ್ಕ ಕೆಳಗಿಳಿಯುವ ಕಬ್ಬಿಣದ ಕಡ್ಡಿ; ಲಗಾಮು ಕಟ್ಟುವುದು ಅದರ ತುದಿಗೆ. ಕಡ್ಡಿ ಉದ್ದವಾದಷ್ಟೂ ಬೆರಳಿನ ಎಳೆತ ಕುದುರೆಯ ದವಡೆಗೆ ಬಂಡೆಯ ಭಾರ. ಹಿರಿಯ ಶಿಷ್ಯ ಜಟ್ಟಪ್ಪನಿಗೆ ಗುರುಗಳು ಗೇಣುದ್ದದ್ದು ಕೊಟ್ಟಿದ್ದರು. ಮುದ್ದಯ್ಯನಿಗೆ ಬೆರಳುದ್ದದ್ದು.

'ಬೇಕಂತಲೇ. ನಾನು ಸೋಲಲಿ ಅಂತ.'

ಬೆಳಿಗ್ಗೆ ಜಟ್ಟಪ್ಪ ಸ್ನಾನಕ್ಕೆ ಹೋದಾಗ ಮುದ್ದಯ್ಯ ಅವನ ಕಡಿವಾಣ ಎತ್ತಿಕೊಂಡು ಬಂದು ಹವಳಳಿಗೆ ತೊಡಿಸಿದ. ಒಂದೇ ಎಳೆತ. ಗದ್ದ ಎದೆಗೆ ತಾಗಿತು, ಕೊರಳು ಬಿಲ್ಲಾಯಿತು.

"ನೋಡಿ ಗುರುಗಳೇ!"

ಓಬಳಯ್ಯ ಕಡಿವಾಣ ನೋಡಿದರು. ಬೈಯಲಿಲ್ಲ. ಮುದ್ದಯ್ಯನ ಅನುಮಾನ ಇನ್ನಷ್ಟು ಬಲಿಯಿತು.

"ಚೆಂದ ಕಾಣ್ತಾಳೆ, ಮದುವಣಗಿತ್ತಿ ಹಾಗೆ. ಹತ್ತು, ಹೊಳೆ ದಾಟಿಸು."

ಮೊಣಕಾಲುದ್ದ ನೀರು. ಹವಳ ದಡದಲ್ಲೇ ನಡುಗಿ ನಿಂತಳು. ಲಗಾಮು ಬಿಗಿಹಿಡಿದು ಒದ್ದರೂ ಹೆಜ್ಜೆ ಕೀಳಲಿಲ್ಲ.

"ನೀರಲ್ಲಿ ಏನಿಟ್ಟಿದ್ದೀರಿ?"

"ಕಲ್ಲಿವೆ. ನಾನಿಟ್ಟದ್ದಲ್ಲ. ಇಳಿ."

ಕುದುರೆಯಿಂದ ಇಳಿದ. ಗುರುಗಳು ಅವನ ತಲೆ ಒತ್ತಿ, ಗದ್ದವನ್ನು ಎದೆಗೆ ಹಚ್ಚಿ ಹಿಡಿದರು. ಅವನಿಗೆ ಕಂಡದ್ದು ತನ್ನ ಕಾಲ್ಬೆರಳು ಮಾತ್ರ.

"ನಡಿ."

"ಎಲ್ಲಿಗೆ? ಮುಂದೇನಿದೆ ಅಂತ ಕಾಣಬೇಡವಾ? ನೀವು ಹಳ್ಳಕ್ಕೆ ದೂಡಿದರೆ?"

"ಅವಳೂ ಆಗಿನಿಂದ ಅದನ್ನೇ ಕೇಳ್ತಿದಾಳೆ ಕಣಯ್ಯ."

ಮುದ್ದಯ್ಯ ಕೊರಳು ಉಜ್ಜಿಕೊಂಡ. "ಮತ್ತೆ ಜಟ್ಟಪ್ಪನಿಗೆ ಯಾಕೆ ಕೊಟ್ಟಿರಿ?"

"ಅವನು ಎಳೆಯೋದಿಲ್ಲ."

ಮುದ್ದಯ್ಯ ಗೇಣುದ್ದದ್ದನ್ನು ಕಳಚಿದ. ತನ್ನ ಬೆರಳುದ್ದದ್ದನ್ನು ತಂದು ಹಾಕಿ, ಹತ್ತಿ, ಲಗಾಮು ಸಡಿಲ ಬಿಟ್ಟ. ಹವಳ ತಲೆಯೆತ್ತಿ ನೀರನ್ನು ದಿಟ್ಟಿಸಿದಳು. ಮೂಸಿದಳು. ಕಲ್ಲು ತಪ್ಪಿಸುತ್ತಾ ದಾಟಿದಳು.

ಆಚೆ ದಡ ಸೇರಿದ ಮೇಲೂ ತಲೆ ಇಳಿಸಲಿಲ್ಲ. ಕಿವಿ ಹಿಂದಕ್ಕೆ ತಿರುಗಿಸಿ, ಓರೆಗಣ್ಣಲ್ಲಿ ಸವಾರನನ್ನೇ ನೋಡುತ್ತಿದ್ದಳು.

"ಗುರುಗಳೇ, ತಲೆ ಮೇಲೇ ಇದೆ!" ಅಲ್ಲಿಂದಲೇ ಕೂಗಿದ ಮುದ್ದಯ್ಯ. "ಗಾಡಿಗೆ ಕಟ್ಟಿಸ್ತೀರಾ?"

"ಗಾಡಿ ಕಾಯಲಿ," ಅಂದರು ಓಬಳಯ್ಯ. "ಅವಳಿನ್ನೂ ನಿನ್ನ ಕೈ ಎಳೆಯುತ್ತೋ ಅಂತ ನೋಡ್ತಿದಾಳೆ. ನೋಡಿ ಮುಗಿಸಲಿ ಬಿಡು."