ನಾಲ್ಕನೆಯ ದಿನ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಹಿಂದಿನವರ ಮಾತಿಗಿದ್ದ ತೂಕ ನಮ್ಮ ಮಾತಿಗೆ ಯಾಕಿಲ್ಲ?”

ಗುರುಗಳು ಹೇಳಿದರು:

ಮುನ್ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಆಂಬ್ರೋಸ್ ಎಂಬ ನೇಕಾರನಿದ್ದ. ಆಗಷ್ಟೇ ಹುಟ್ಟಿದ್ದ ಕ್ವೇಕರ್ ಪಂಥದವನು. ತನ್ನ ಊರಿನ ಸಭೆಗೆ ಹಿರಿಯ. ಆ ಪಂಥದವರಿಗೆ ಪುರೋಹಿತರಿರಲಿಲ್ಲ. ಎಲ್ಲರೂ ಸೇರಿ ಮೌನವಾಗಿ ಕೂರುತ್ತಿದ್ದರು; ಒಳಗಿನಿಂದ ಪ್ರೇರಣೆಯಾದವರು ಮಾತಾಡುತ್ತಿದ್ದರು. ದೊರೆಯನ್ನೂ ಭಿಕ್ಷುಕನನ್ನೂ ಏಕವಚನದಲ್ಲೇ ಕರೆಯುತ್ತಿದ್ದರು. ಆಣೆ ಇಡುತ್ತಿರಲಿಲ್ಲ.

ಒಮ್ಮೆ ಆಂಬ್ರೋಸನನ್ನು ನ್ಯಾಯಾಲಯಕ್ಕೆ ಕರೆತಂದರು. ರಾಜನಿಗೆ ನಿಷ್ಠನಾಗಿರುವೆನೆಂದು ಆಣೆ ಇಡುವಂತೆ ನ್ಯಾಯಾಧೀಶ ಹೇಳಿದ. ಆಂಬ್ರೋಸ್, “ಆಣೆ ಇಟ್ಟಾಗ ಮಾತ್ರ ನಿಜ ಹೇಳುವವನಾದರೆ ಉಳಿದ ದಿನ ನಾನು ಆಡಿದ್ದೇನು? ನೀನೇ ಹೇಳು” ಎಂದ. ಅವನನ್ನು ಸೆರೆಗೆ ಹಾಕಿದರು.

ಐದು ವರ್ಷ ಅಲ್ಲಿಂದಲೇ ಸಭೆಗೆ ಪತ್ರ ಬರೆದ. ಅವುಗಳಲ್ಲಿ ಉಪದೇಶಕ್ಕಿಂತ ನೆನಪೇ ಹೆಚ್ಚು. ಮೊದಲ ಸಲ ಏಳೇ ಜನ ಕುರಿದೊಡ್ಡಿಯಲ್ಲಿ ಕೂತದ್ದು, ಒದ್ದೆ ಉಣ್ಣೆಯ ವಾಸನೆ, ಹೆಂಡತಿ ಹೆಸ್ಟರ್ ಸಭೆಯಲ್ಲಿ ಎದ್ದು ನಿಂತು ಮಾತಾಡಿದಾಗ ನಡುಗಿದ ಅವಳ ದನಿ.

ಒಂದು ದಿನ, ಹೆಸ್ಟರ್ ಉಳಿಯುವುದಿಲ್ಲವೆಂದು ಸುದ್ದಿ ಬಂತು. ಸೆರೆಮನೆಯ ಅಧಿಕಾರಿ, “ಮನೆಗೆ ಹೋಗಿ ನಾಲ್ಕನೆಯ ದಿನ ಸಂಜೆಗೆ ಮರಳಿ ಬರುತ್ತೀಯಾ?” ಎಂದು ಕೇಳಿದ. “ಬರುತ್ತೇನೆ” ಎಂದ ಆಂಬ್ರೋಸ್. ಅಧಿಕಾರಿ ಕಾವಲಿಲ್ಲದೆ ಕಳುಹಿಸಿದ. ಆಂಬ್ರೋಸ್ ಬಾರದಿದ್ದರೆ ಅಧಿಕಾರಿಯ ಕೆಲಸ ಹೋಗುತ್ತಿತ್ತು.

ಮೂರು ದಿನ ಗಂಡಹೆಂಡಿರು ಹಳೆಯದನ್ನೆಲ್ಲ ಮಾತಾಡಿಕೊಂಡರು. ಮೌನದ ನಡುವೆ ಕುರಿಯೊಂದು ಸೀನಿದ್ದು, ಹಿರಿಯನಾದ ಆಂಬ್ರೋಸನೇ ಮೊದಲು ನಕ್ಕದ್ದು ನೆನೆದು ಹೆಸ್ಟರ್ ನಕ್ಕಳು. ಆಮೇಲೆ ಕೆಮ್ಮಿದಳು. ಎಷ್ಟೋ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದರು, ಸಭೆಯಲ್ಲಿ ಕೂರುತ್ತಿದ್ದಂತೆಯೇ.

ನಾಲ್ಕನೆಯ ದಿನ ಬೆಳಗಾಯಿತು. ಅವಳಿನ್ನೂ ಉಸಿರಾಡುತ್ತಿದ್ದಳು. ಆಂಬ್ರೋಸ್, “ಇನ್ನೆರಡು ದಿನ ಇರುತ್ತೇನೆ. ಅಧಿಕಾರಿ ಒಳ್ಳೆಯವನು, ತಪ್ಪು ತಿಳಿಯುವುದಿಲ್ಲ” ಎಂದ.

ಹೆಸ್ಟರ್ ಅವನ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ. ಕೊನೆಗೆ ತಾನೇ ಬಿಟ್ಟು, “ನಿನ್ನ ಕೋಟು ಬಾಗಿಲ ಹಿಂದಿದೆ. ಹೊರಡು” ಎಂದಳು.

ಸಂಜೆಯೊಳಗೆ ಆಂಬ್ರೋಸ್ ಸೆರೆಮನೆ ಸೇರಿದ. ಮರುದಿನ ಹೆಸ್ಟರ್ ತೀರಿಕೊಂಡಳು. ಆ ವಾರ ಅವನು ಸಭೆಗೆ ಬರೆದದ್ದು ಒಂದೇ ಸಾಲು: “ಹೇಳಿದ ದಿನಕ್ಕೆ ಬಂದು ಸೇರಿದ್ದೇನೆ.” ಊರಿನವರು ಆ ಕಾಗದವನ್ನು ಬಹುಕಾಲ ಜೋಪಾನ ಮಾಡಿದರು.

ಕತೆ ಮುಗಿಯಿತು. ಶಿಷ್ಯನ ಕಣ್ಣು ತುಂಬಿತ್ತು. “ಎಂಥ ಮನುಷ್ಯ! ಕೊಟ್ಟ ಮಾತಿಗೆ ತಪ್ಪಲಿಲ್ಲ” ಎಂದ.

ಗುರುಗಳೆಂದರು: “ಹೊರಡು ಅಂದವಳು ಅವಳಲ್ಲವೇ?”